ನಿಧಿ ನಿಕ್ಷೇಪ ಸಹಿತ

ಅಣ್ಣಪ್ಪ ಮಾಮಾ ತನ್ನ ಆಯುಷ್ಯದಲ್ಲಿ ಕಾಯ್ದೆ ಎಂದು ತಿಳಿದುಕೊಂಡದ್ದು ಒಂದೇ ಮಾತು. "ಕಲ್ಲಿನ ಮ್ಯಾಲಿಂದು ನಂದು, ಕಲ್ಲಿನ ಕೆಳಗಿಂದು ಸರಕಾರದ್ದು, ನೀರ ಯಾರಪ್ಪಂದೂ ಅಲ್ಲ." ಹಿಡಕಲ್ ಜಲಾಶಯದ ನೀರಿನ ನಡುವೆ ಮನೆ ಮಾಡಿಕೊಂಡವನಿಗೆ ಅಷ್ಟು ಕಾಯ್ದೆ ಸಾಕಾಗಿತ್ತು. ಇರುವ ತನಕ ಸಾಕಾಗಿತ್ತು, ಮಾರುವಾಗ ಸಾಲಲಿಲ್ಲ.

ಅವನು ನನ್ನ ತಾಯಿಯ ತಮ್ಮ. ನನ್ನ ಅಕ್ಕ ಕಾಶೆವ್ವನನ್ನು ಮದುವೆಯಾಗಿ ಎರಡು ಕಡೆಯಿಂದಲೂ ನಮಗೆ ಗಂಟುಬಿದ್ದವನು. ಸೋದರಮಾವನಿಗೆ ಬಹುವಚನ ಹಚ್ಚುವ ರೂಢಿ ನಮ್ಮ ಮನೆಯಲ್ಲಿಲ್ಲ. ಈಗ ಸತ್ತ ಮೇಲೆ ಹಚ್ಚಿದರೆ ಅವನೇ ಎದ್ದು ಬಂದು ನಕ್ಕಾನು. ನಾನು ಅಂಕಲಗಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸಿಟ್ಟು ನನಗೆ ಬೇಗ ಬರುತ್ತದೆ, ಬೇಗ ಹೋಗುತ್ತದೆ. ಮಾಮಾನ ಮೇಲೆ ಬಂದ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ. ಆದರೂ ಅವನ ಕಥೆಯನ್ನು ಬೇರೆ ಯಾರೋ ಉಪ್ಪು ಖಾರ ಹಚ್ಚಿ ಹೇಳುವುದಕ್ಕಿಂತ ನಾನು ಹೇಳುವುದೇ ವಾಸಿ.

ಆಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಅವನ ಊರು ಮುಳುಗಿತು. ಅವನ ಹೊಲದ ಇಳಿಜಾರೂ ಮುಳುಗಿತು. ಹೊಲದ ನೆತ್ತಿಯಲ್ಲಿದ್ದ ದಿನ್ನೆಯೊಂದು ನೀರಿನ ಮೇಲೆ ತಲೆ ಎತ್ತಿಕೊಂಡು ಉಳಿಯಿತು. ಬಾರಿಹಣ್ಣಿನ ಕಂಟಿಗಳು ಬೆಳೆದಿದ್ದ ಆ ದಿನ್ನೆಗೆ ಮಂದಿ ಬಾರಿದಿನ್ನಿ ಎನ್ನುತ್ತಿದ್ದರು. ಇಲಾಖೆಯವರು ಬಂದು, ನೀರು ತುಂಬಿದಾಗ ಎಲ್ಲಿಯ ತನಕ ಬರುತ್ತದೆ ಎಂದು ನೋಡಿ, ಆ ಗುರುತಿನುದ್ದಕ್ಕೂ ದಿನ್ನೆಯ ಸುತ್ತ ಕಲ್ಲು ನೆಟ್ಟರು. ಕಲ್ಲಿನ ಕೆಳಗಿನ ಭೂಮಿ ಸರಕಾರದ ಪಾಲಾಯಿತು, ಮೇಲಿನದು ಮಾಮಾನ ಹೆಸರಿನ ಉತಾರದಲ್ಲೇ, ಅಂದರೆ ಪಹಣಿಯಲ್ಲೇ, ಉಳಿಯಿತು. ಊರವರೆಲ್ಲ ಸರಕಾರ ತೋರಿಸಿದ ಹೊಸ ಜಾಗಕ್ಕೆ ಹೋದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಮಾಮಾ ಹಳೆ ಮನೆಯ ತೊಲೆ, ಬಾಗಿಲು, ಹಂಚು ಎಲ್ಲವನ್ನೂ ನೀರು ಬರುವ ಮೊದಲೇ ಬಂಡಿಯಲ್ಲಿ ಹೇರಿ ದಿನ್ನೆ ಹತ್ತಿಸಿದ. ಅಲ್ಲೇ ಮನೆ ಕಟ್ಟಿ, ಮದುವೆಯಾಗಿ ವರ್ಷವೂ ತುಂಬದ ನನ್ನ ಅಕ್ಕನನ್ನು ಕರೆದುಕೊಂಡು ಹೋಗಿ ಇಳಿಸಿದ.

ಮಳೆಗಾಲದಲ್ಲಿ ದಿನ್ನೆಗೆ ಹೋಗಬೇಕಾದರೆ ಮೀನು ಹಿಡಿಯುವ ಲಗಮಪ್ಪನ ದೋಣಿಯೇ ಗತಿ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರಿನ ನಡುವೆ ದಾರಿಯೊಂದು ಏಳುತ್ತಿತ್ತು, ಆಗ ನಾವು ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಹೋಗುತ್ತಿದ್ದೆವು. ಅಕ್ಕ ಅಲ್ಲಿ ಎಮ್ಮೆ ಸಾಕಿದ್ದಳು, ಮೊಸರು ಹೆಪ್ಪು ಹಾಕಿ ಹುಕ್ಕೇರಿ ಸಂತೆಗೆ ಒಯ್ಯುತ್ತಿದ್ದಳು, ಮತ್ತು ದಿನವಿಡೀ ಗಂಡನ ಜೊತೆ ಜಗಳಾಡುತ್ತಿದ್ದಳು. "ಸುತ್ತ ಸಮುದ್ರಧಂಗ ನೀರ ಐತಿ, ಮಾತಾಡಾಕ ಒಂದ ನರಮನಷ್ಯಾ ಇಲ್ಲ. ಈ ಪುಣ್ಯಾತ್ಮನ ಮಾರಿ ನೋಡಿ ನೋಡಿ ಎಮ್ಮಿನೂ ಹಾಲ ಬಿಡಾಕ ಒಲ್ಲದಂತೈತಿ" ಎಂದು ನನ್ನ ಮುಂದೆ ದೂರುತ್ತಿದ್ದಳು. ಹಾಗಾದರೆ ಅಂಕಲಗಿಗೆ ಬಂದು ನನ್ನ ಹತ್ತಿರ ನಾಲ್ಕು ದಿನ ಇರು ಎಂದರೆ, ಬಂದ ಮರುದಿನವೇ ದೋಣಿ ಹೋದೀತೋ ಇಲ್ಲವೋ ಎಂದು ಮೋಡ ನೋಡುತ್ತ ನಿಲ್ಲುತ್ತಿದ್ದಳು. ಅತ್ತ ಮಾಮಾನೂ ಅಷ್ಟೇ. ಅಕ್ಕ ಇಲ್ಲದ ದಿನ ಅವನು ಲಗಮಪ್ಪನನ್ನು ಕರೆದು ಕೂಡಿಸಿಕೊಂಡು ಸುಮ್ಮಸುಮ್ಮನೆ ಅವನ ಜೊತೆ ತಂಟೆ ತೆಗೆಯುತ್ತಿದ್ದನಂತೆ. ಅವರ ಜಗಳ ಅವರ ಊಟವಿದ್ದ ಹಾಗೆ, ಹೊತ್ತಿಗೆ ಸರಿಯಾಗಿ ಆಗಬೇಕು.

ಅವರ ಒಬ್ಬನೇ ಮಗ ಗುರುಪಾದ ಮಮದಾಪುರದ ನಮ್ಮ ತವರುಮನೆಯಲ್ಲಿ ಇದ್ದು ಓದಿದ. ಮುಂದೆ ಮೂಡಲಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿದ. ಒಳ್ಳೆಯ ಹುಡುಗ. ಅವ್ವ-ಅಪ್ಪನನ್ನು ಬಂದು ಜೊತೆಗಿರಿ ಎಂದು ಎಷ್ಟು ಕರೆದರೂ ಅವರು ಬರಲಿಲ್ಲ, ಅವನೇ ಪಂಚಮಿಗೂ ದೀಪಾವಳಿಗೂ ಹೆಂಡತಿ ಮಕ್ಕಳನ್ನು ದೋಣಿ ಹತ್ತಿಸಿಕೊಂಡು ಹೋಗುತ್ತಿದ್ದ.

ಒಂದು ಆಷಾಢದಲ್ಲಿ ಅಕ್ಕ ತೀರಿಕೊಂಡಳು. ಎದೆನೋವು ಎಂದಳಂತೆ. ಗಾಳಿಗೆ ತೆರೆ ಎದ್ದು ಲಗಮಪ್ಪನ ದೋಣಿ ದಿನ್ನೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆ ನೀರಿನಲ್ಲಿ ಹೆಣ ಸಾಗಿಸುವುದು ಬೇಡ ಎಂದು ಮಾಮಾ ಮನೆಯ ಹಿಂದೆ ಹುಣಸೆಮರದ ಹತ್ತಿರ, ದಿನ್ನೆಯ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಗುಂಡಿ ತೆಗೆಸಿದ. ನಾವು ಬಸವಣ್ಣನ ಒಕ್ಕಲು. ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು, ಪದ್ಮಾಸನ ಹಾಕಿ ಕೂಡಿಸಿ ಮಣ್ಣು ಕೊಡುತ್ತೇವೆ. ವಿಧಿ ಮಾಡಿಸುವ ಅಯ್ನೋರು ದೋಣಿಯಲ್ಲಿ ಬಂದರು, ಪತ್ರಿ ದೋಣಿಯಲ್ಲಿ ಬಂತು, ನಾನೂ ಅತ್ತುಕೊಂಡು ದೋಣಿಯಲ್ಲೇ ಹೋದೆ.

ಮಳೆ ನಿಂತ ಮೇಲೆ ಮಾಮಾ ತನ್ನ ಕೈಯಾರೆ ಸಮಾಧಿ ಕಟ್ಟಿದ. ನುಣ್ಣಗೆ ಗಿಲಾವು ಮಾಡಿ, ಮೇಲೊಂದು ಕಲ್ಲಿನ ಲಿಂಗ ಕೂಡಿಸಿದ. ಮಠಗಳಲ್ಲಿ ಶರಣರ ಸಮಾಧಿಗೆ ಗದ್ದುಗೆ ಎನ್ನುತ್ತಾರಲ್ಲ, ಅಷ್ಟು ಚೆಂದವಾಗಿತ್ತು. ಹೆಸರು ಕೆತ್ತಿಸು ಎಂದೆ.

"ಹೆಸರ್ಯಾಕ? ಆಕಿ ಯಾರಂತ ನನಗ ಗೊತ್ತಿಲ್ಲೇನು?" ಎಂದ.

ಸಮಾಧಿಯ ಬಲಗಡೆಗೆ ಒಂದು ಚಪ್ಪಟೆ ಕಲ್ಲು ಹಾಕಿದ್ದ. ಅದೇನು ಎಂದು ಕೇಳಿದೆ.

"ಅದು ನನ್ನ ಜಾಗಾ. ಬಾಜೂಕ ಕುಂತ ಇಷ್ಟ ವರ್ಷ ಜಗಳಾಡೀವಿ, ಮುಂದೂ ಆಡ್ತೀವಿ. ನನ್ನ ಅಲ್ಲೇ ಕೂಡಿಸ್ರಿ, ಬ್ಯಾರೆ ಎಲ್ಲೂ ಬ್ಯಾಡ. ನೀ ಸಾಕ್ಷಿ ರಾಜವ್ವಾ" ಎಂದ.

ಅವನಿಗೆ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಬೇಡಿಕೆ ಇದ್ದುದನ್ನು ನಾನು ಕಂಡಿಲ್ಲ. ಚಪ್ಪಟೆ ಕಲ್ಲಿನ ಕೆಳಗಿನ ಅಷ್ಟು ನೆಲ, ಹೆಂಡತಿಯ ಪಕ್ಕದಲ್ಲಿ. ಅದನ್ನೇ ಅವನು ಕಳೆದುಕೊಂಡದ್ದು.

ಅಕ್ಕ ಹೋದ ಮೇಲೆ ದಿನ್ನೆಯ ಮನೆಯಲ್ಲಿ ಅವನಿಗೆ ಇರಲಾಗಲಿಲ್ಲ. ನೆನಪು ಕಾಡಿತು ಎಂದೆಲ್ಲ ಅವನು ಹೇಳುವವನಲ್ಲ. "ಜಗಳಾಡಾಕ ಯಾರೂ ಇಲ್ಲ, ಬಾಯಿ ಹುಳತ ಹೊಂಟೈತಿ" ಎಂದು ಹೇಳಿ ಎಮ್ಮೆಯನ್ನು ಲಗಮಪ್ಪನಿಗೆ ಕೊಟ್ಟು ಮೂಡಲಗಿಯಲ್ಲಿ ಮಗನ ಮನೆ ಸೇರಿದ. ಗುರುಪಾದನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಕೆಟ್ಟ ಮೋಟಾರು ತಂದ ಗಿರಾಕಿಗಳಿಗೆಲ್ಲ ಅವರದೇ ತಪ್ಪು ಎಂದು ಹೇಳುವುದು ಅವನ ಹೊಸ ಉದ್ಯೋಗವಾಯಿತು. ಅಮಾವಾಸ್ಯೆಗೆ ಮಾತ್ರ ಬಸ್ಸು ಹಿಡಿದು ಹೋಗಿ ಸಮಾಧಿಗೆ ದೀಪ ಹಚ್ಚಿ ಬರುತ್ತಿದ್ದ. ಇತ್ತ ಖಾಲಿ ಮನೆಯ ಹಂಚು ಒಡೆಯಿತು, ತೊಲೆಗೆ ಗೆದ್ದಲು ಹತ್ತಿತು.

ಆಗ ಗೋಕಾಕಿನ ಬೆಲ್ಲದ ವ್ಯಾಪಾರಿ ಸಿದ್ರಾಯಪ್ಪನವರು ಆ ಮನೆ ಕೇಳಿದರು. ವಯಸ್ಸಾದವರು, ನಮ್ಮ ಪೈಕಿಯವರೇ, ನೀರಿನ ನಡುವೆ ನೆಮ್ಮದಿಯಾಗಿ ಕೂತು ಪೂಜೆ ಮಾಡಿಕೊಳ್ಳಲು ಒಂದು ಜಾಗ ಬೇಕಾಗಿತ್ತು ಅವರಿಗೆ. ಮಾಮಾ ಒಂದೇ ಮಾತು ಹೇಳಿದ. ಅಮಾವಾಸ್ಯೆಗೆ ತಾನು ಬರುವುದು, ತನ್ನ ಕಾಲ ಮುಗಿದ ಮೇಲೆ ತನ್ನನ್ನು ಅಲ್ಲೇ ಹೆಂಡತಿಯ ಬದಿಯಲ್ಲಿ ಕೂಡಿಸುವುದು.

"ಅಣ್ಣಪ್ಪಾ, ಮನಿ ಮಾರಿದ್ರ ಮನಷ್ಯಾರನ್ನ ಮಾರಿದಂಗೇನು? ಯಾವಾಗ ಬೇಕಾದ್ರೂ ಬಾ. ನಿನ್ನ ಮಣ್ಣಿಗಿ ನಾನೂ ಬಂದ ಒಂದ ಹಿಡಿ ಮಣ್ಣ ಹಾಕ್ತೇನಿ" ಎಂದು ಸಿದ್ರಾಯಪ್ಪನವರು ಅವನ ಕೈ ಹಿಡಿದು ಮಾತು ಕೊಟ್ಟರು.

ದಿನ್ನೆ ಮಾರುವುದು ಊರೊಳಗಿನ ಮನೆ ಮಾರಿದಷ್ಟು ಸಲೀಸಲ್ಲ ಎಂಬುದು ಮಾಮಾನಿಗೆ ಆಗ ತಿಳಿಯಿತು. ಜಮೀನಿನ ಉತಾರ ಬೇಕು. ಮನೆ ಪಂಚಾಯತಿಯಲ್ಲಿ ದಾಖಲಾಗಿರಬೇಕು. ಮೋಜಣಿಯವರು ದೋಣಿಯಲ್ಲಿ ಬಂದು ಅಳೆದು ನಕಾಶೆ ಮಾಡಬೇಕು. ಕಲ್ಲಿನ ಮೇಲಿನದು ಖಾಸಗಿ ಎಂದು ಇಲಾಖೆಯವರು ಹೇಳಬೇಕು. ದಡದಿಂದ ದಿನ್ನೆಯ ತನಕದ ಕೆಸರಿನ ದಾರಿ ಸರಕಾರದ್ದು, ಅದನ್ನು ಮಾರಲು ಬರುವುದಿಲ್ಲ, ಹೋಗಿ ಬರುವ ರೂಢಿಯಿದೆ ಎಂದಷ್ಟೇ ಹೇಳಬಹುದು. ಮಗ, ವಾರಸುದಾರ ಎಂದು ಗುರುಪಾದನ ಸಹಿಯೂ ಬೇಕು. ಮಾಮಾ ಒಂದನ್ನೂ ಬಿಡಲಿಲ್ಲ. ಬೇಸಿಗೆಯಿಡೀ ಹುಕ್ಕೇರಿಗೆ ಅಲೆದು ಎಲ್ಲ ಕೂಡಿಸಿದ. ತಾನು ನೆಟ್ಟ ಮಾವಿನ ಗಿಡಗಳನ್ನು ಕೂಡ ಬರೆಸಿದ. ಇಷ್ಟೆಲ್ಲ ಕಾಳಜಿ ಮಾಡಿದವನು ತನಗೆ ಬೇಕಾದ ಒಂದೇ ಒಂದನ್ನು ಬರೆಸಲಿಲ್ಲ. ಅದಕ್ಕೆ ಸಿದ್ರಾಯಪ್ಪನವರ ಮಾತು ಇತ್ತಲ್ಲ.

ಖರೇದಿಯ ದಿನ ಹುಕ್ಕೇರಿಯ ಉಪನೋಂದಣಿ ಕಚೇರಿಯ ಎದುರಿಗೆ ಬಾಂಡ್ ರೈಟರ್ ಪ್ರಭು ಪತ್ರ ಓದಿ ಹೇಳಿದ. ನಾನು ಅಲ್ಲಿರಲಿಲ್ಲ. ಗುರುಪಾದನೂ ಮುಂದೆ ಪ್ರಭುವೂ ಹೇಳಿದ್ದನ್ನು ಹೇಳುತ್ತಿದ್ದೇನೆ. ಪತ್ರದ ಕೊನೆಗೆ ಅಜ್ಜಂದಿರ ಕಾಲದಿಂದ ಬಂದ ಒಂದು ಸಾಲು ಇರುತ್ತದೆ. "ಸದರಿ ಆಸ್ತಿಯನ್ನು ಜಲ, ತರು, ತೃಣ, ಕಾಷ್ಠ, ಪಾಷಾಣ, ನಿಧಿ, ನಿಕ್ಷೇಪ ಸಹಿತ ಖರೇದಿ ಕೊಟ್ಟಿದ್ದು" ಎಂದು ಪ್ರಭು ಓದಿದ. ಓದಿ, ಚಸ್ಮಾದ ಮೇಲಿಂದ ನೋಡಿ ಚೇಷ್ಟೆ ಮಾಡಿದ.

"ನಿಧಿ ನಿಕ್ಷೇಪ ಅಂದ್ರ ನೆಲದಾಗಿಂದು ಎಲ್ಲಾ ಬಂತ್ರಿ ಅಣ್ಣಪ್ಪಾರ. ದಿನ್ನ್ಯಾಗ ಏನರೆ ಹೂತಿಟ್ಟೀರೇನು? ಇದ್ರ ಈಗ ಹೇಳ್ರಿ, ಬಿಟ್ಟ ಬರೀತೇನಿ."

ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾ ಏನ ದೇಸಾಯಿ ಏನಪಾ, ಬಂಗಾರ ಹೂತಿಡಾಕ? ಹೂತಿಟ್ಟದ್ದು ಏನೂ ಇಲ್ಲ. ಬರಿ" ಎಂದ.

ಸಿದ್ರಾಯಪ್ಪನವರೂ ನಕ್ಕರು, ಗುರುಪಾದನೂ ನಕ್ಕ. ಎಲ್ಲರೂ ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಎದ್ದರು.

ನನಗೆ ಸುದ್ದಿ ಗೊತ್ತಾದದ್ದು ಆಮೇಲೆ. ಸಮಾಧಿಯ ಮಾತು ಪತ್ರದಲ್ಲಿ ಬರೆಸಿದೆಯೋ ಎಂದು ಕೇಳಿದೆ. "ಸಾಲ್ಯಾಗ ಕಲಿಸಿ ಕಲಿಸಿ ನಿನಗ ಬರದದ್ದ ಖರೆ ಅನಸ್ತೈತಿ. ಶರಣರ ಮನಿತನದಾಗ ಮಾತಿಗಿಂತ ದೊಡ್ಡ ಕಾಗದಾ ಯಾವುದೈತಿ?" ಎಂದು ನನ್ನ ಬಾಯಿ ಮುಚ್ಚಿಸಿದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ನಾನು ಗೊಣಗಿಕೊಂಡೆ. ಗೊಣಗುವುದು ಬಿಟ್ಟು ಕಿರುಚಾಡಬೇಕಿತ್ತು ಎಂದು ಈಗ ಅನಿಸುತ್ತದೆ.

ಸಿದ್ರಾಯಪ್ಪನವರು ಮಾತಿಗೆ ತಪ್ಪಿದರು ಎಂದು ನಾನು ಹೇಳುವುದಿಲ್ಲ. ಅವರು ಇರುವ ತನಕ ಮಾಮಾ ಅಮಾವಾಸ್ಯೆ ತಪ್ಪಿಸಲಿಲ್ಲ. ಅವರೇ ದೀಪಕ್ಕೆ ಎಣ್ಣೆ ಇಟ್ಟಿರುತ್ತಿದ್ದರು, ಮಾಮಾನಿಗೆ ಊಟ ಹಾಕಿ ಕಳಿಸುತ್ತಿದ್ದರು. ಆದರೆ ಮಾತು ಕೊಟ್ಟವರು ಮಾತಿನ ಜೊತೆಗೇ ಹೋಗಿಬಿಡುತ್ತಾರೆ. ಊರೆಲ್ಲ ಬಾಗಿಲು ಹಾಕಿಕೊಂಡ ರೋಗದ ವರ್ಷದಲ್ಲಿ ಅವರು ಹೋದರು. ಅವರ ಮಕ್ಕಳಿಗೆ ನೀರಿನ ನಡುವಿನ ಮನೆ ಏತಕ್ಕೆ? ಬೆಳಗಾವಿಯ ನಾಲ್ವರು ಗೆಳೆಯರು ಕೂಡಿ ಅದನ್ನು ಕೊಂಡರು. ರವಿವಾರ ಬಂದ ಮಂದಿಗೆ ದೋಣಿ ವಿಹಾರ, ರೊಟ್ಟಿ ಊಟ, ಸಂಜೆಗೆ ವಾಪಸು. ಬೇಕಾದ ಪರವಾನಗಿಗಳನ್ನೆಲ್ಲ ತಂದಿದ್ದರು, ಅವರು ನಮ್ಮ ಮಾಮಾನಂಥವರಲ್ಲ.

ಮುಂದಿನ ಅಮಾವಾಸ್ಯೆಗೆ ಲಗಮಪ್ಪನ ದೋಣಿಯನ್ನು ದಿನ್ನೆಗೆ ಹಚ್ಚಗೊಡಲಿಲ್ಲ. ತಂತಿಬೇಲಿ ಬಂದಿತ್ತು, ಗೇಟು ಬಂದಿತ್ತು. ಮಾಮಾ ದೋಣಿಯಲ್ಲೇ ಕೂತು ದೂರದಿಂದ ಹುಣಸೆಮರ ನೋಡಿ ತಿರುಗಿ ಬಂದ. ಆ ರಾತ್ರಿ ಮೂಡಲಗಿಯಿಂದ ಗುರುಪಾದ ನನಗೆ ಫೋನು ಮಾಡಿ, "ಚಿಗವ್ವಾ, ಅಪ್ಪ ಉಣವಲ್ಲ, ಮಾತಾಡವಲ್ಲ. ನೀ ಬಾ" ಎಂದ.

ಗೋಕಾಕಿನ ವಕೀಲೆ ಆಮ್ರಪಾಲಿ ನನ್ನ ಹತ್ತಿರ ಕಲಿತ ಹುಡುಗಿ. ಮಾಮಾನನ್ನು ಕರೆದುಕೊಂಡು ಅವಳ ಹತ್ತಿರ ಹೋದೆ. ಅವಳು ಪತ್ರವನ್ನು ಸಾವಕಾಶ ಓದಿದಳು, ಚಕ್ಕುಬಂದಿಯನ್ನು ಎರಡು ಸಲ ಓದಿದಳು, ಆಮೇಲೆ ನನ್ನ ಕಡೆ ನೋಡಿದಳು.

"ಅಕ್ಕೋರ, ನಾಕೂ ದಿಕ್ಕಿನ ಹದ್ದ ಬರದಾರ. ಅದರಾಗ 'ಸಮಾಧಿ ಜಾಗಾ ಮತ್ತ ಅಲ್ಲಿಗೆ ಹೋಗಿ ಬರೂ ದಾರಿ ಬಿಟ್ಟು' ಅಂತ ಒಂದ ಸಾಲ ಇದ್ದಿದ್ರ ಯಾರ ಕೊಂಡ್ರೂ ಅದು ಅಜ್ಜಾರದ್ದ ಆಗಿರ್ತಿತ್ತು. ಈಗ ಎಲ್ಲಾ ಕೊಟ್ಟಂಗ ಆಗೈತಿ. ಸಿದ್ರಾಯಪ್ಪನವರು ಬಾಯಿಲೆ ಹೇಳಿದ್ದು ಅವರಿಗಷ್ಟ. ಪತ್ರಾ ತಿದ್ದಾಕ ಈಗಿನ ಮಾಲಕರ ಸಹಿ ಬೇಕು. ಕೋರ್ಟಿಗಿ ಹೋದ್ರ..." ಎಂದು ಮಾಮಾನ ವಯಸ್ಸು ನೋಡಿ ಮಾತು ನಿಲ್ಲಿಸಿದಳು. "ಕೇಳಿಕೊಂಡ್ರ ಕೊಟ್ಟಾರು. ಹಕ್ಕಿಲೆ ಕೇಳಾಕ ಬರೂದಿಲ್ಲ, ಅಷ್ಟ."

ಮಾಮಾ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ಇಲ್ಲಿ ನಿಕ್ಷೇಪ ಅಂತ ಐತಲ್ಲ, ಏನವಾ ಹಂಗಂದ್ರ?"

"ನೆಲದಾಗ ಇಟ್ಟದ್ದು ಅಂತ್ರಿ ಅಜ್ಜಾರ. ಹೂತಿಟ್ಟದ್ದು."

"ಪ್ರಭು ಕೇಳಿದ್ದ" ಎಂದ ಮಾಮಾ. "ಏನರೆ ಹೂತಿಟ್ಟೀರೇನು ಅಂತ ಕೇಳಿದ್ದ. ಏನೂ ಇಲ್ಲ ಅಂದ್ನಿ. ನಕ್ಕೊಂತ ಅಂದ್ನಿ."

ನನಗೆ ಅಲ್ಲಿ ಅವನನ್ನು ಬೈಯಬೇಕು ಎನಿಸಿತು, ಬೈಯಲಿಲ್ಲ. ಏಕೆಂದರೆ ನನ್ನನ್ನು ಕೇಳಿದ್ದರೂ ನಾನೂ ಅದೇ ಹೇಳುತ್ತಿದ್ದೆ. ನಾವು ಸತ್ತವರಿಗೆ ಮಣ್ಣು ಕೊಡುತ್ತೇವೆ, ಸಮಾಧಿ ಮಾಡುತ್ತೇವೆ, ಲಿಂಗದಲ್ಲಿ ಕೂಡಿದರು ಎನ್ನುತ್ತೇವೆ. ಹೂತಿಡುವುದು ಹಣವನ್ನು, ಸತ್ತ ನಾಯಿಯನ್ನು. ಕಾಶೆವ್ವನನ್ನು ಹೂತಿಟ್ಟೆವು ಎಂದು ನಮ್ಮ ಕುಲದಲ್ಲಿ ಯಾರ ನಾಲಗೆಯೂ ಹೊರಳುವುದಿಲ್ಲ. ಪ್ರಭು "ಯಾರ್ದರೆ ಸಮಾಧಿ ಐತೇನು" ಎಂದು ಕೇಳಿದ್ದರೆ ಮಾಮಾ ಕೂಡಲೇ ಹೇಳುತ್ತಿದ್ದ, ಪ್ರಭು ಕೂಡಲೇ ಬಿಟ್ಟು ಬರೆಯುತ್ತಿದ್ದ. ಮುಂದೆ ಪ್ರಭು ಇದನ್ನು ಕೇಳಿ ತಲೆ ಚಚ್ಚಿಕೊಂಡ. ಒಂದು ಮಾತು ಬೇರೆ ಇದ್ದಿದ್ದರೆ ಆಗುತ್ತಿತ್ತು.

ಕೇಳಿಕೊಳ್ಳುವುದೇ ದಾರಿ ಎಂದಾದ ಮೇಲೆ ಆ ಗೆಳೆಯರಲ್ಲಿ ಮುಖ್ಯನಾದ ಸ್ವಪ್ನಿಲ್ ಎಂಬುವನಿಗೆ ಆಮ್ರಪಾಲಿ ಫೋನು ಮಾಡಿದಳು. ಹಳೆಯ ಮಾಲಕರು ಏನೋ ಮಾತಾಡಬೇಕಂತೆ ಎಂದಷ್ಟೇ ಹೇಳಿದಳು. ರವಿವಾರ ಬರಲಿ ಎಂದ ಅವನು. ಏನು ಕೇಳಬೇಕು ಎಂದು ಮಾಮಾ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ. ಅಮಾವಾಸ್ಯೆಗೆ ಬರಲು ಬಿಡಬೇಕು. ಸತ್ತಾಗ ಚಪ್ಪಟೆ ಕಲ್ಲಿನ ಜಾಗ ಕೊಡಬೇಕು. ಈ ಸಲ ಬರೆದು ಕೊಡಬೇಕು.

ದೋಣಿ ಹತ್ತುವಾಗ ಅವನಿಗೂ ನನಗೂ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿದರು. ಆ ನೀರಿನ ಮೇಲೆ ಆಯುಷ್ಯ ಕಳೆದವನು ಅದನ್ನು ತೊಟ್ಟುಕೊಂಡು ಮಕ್ಕಳ ಹಾಗೆ ಕೂತಿದ್ದ. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

ಅಕ್ಕನ ಮನೆ ಅಡುಗೆಮನೆಯಾಗಿತ್ತು. ಬಾಗಿಲಿಗೆ ಬಣ್ಣ ಬಂದಿತ್ತು, ಹಂಚು ಹೊಸದಾಗಿತ್ತು, ನಮ್ಮ ಕೈಯಲ್ಲಿ ಇದ್ದಾಗ ಅಷ್ಟು ಚೆನ್ನಾಗಿ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಮನೆಯ ಹಿಂದೆ ಊಟದ ಚಪ್ಪರ, ಅದರ ಆಚೆ ಹುಣಸೆಮರ. ಮರದ ಕೆಳಗೆ ಸಮಾಧಿ ಸುಣ್ಣ ಬಳಿದುಕೊಂಡು ಬೆಳ್ಳಗೆ ಇತ್ತು. ಮೇಲೆ ಚೆಂಡುಹೂವಿನ ಮಾಲೆ, ಮುಂದೆ ಉರಿಯುವ ದೀಪ. ಊಟ ಮುಗಿಸಿದ ಯಾರೋ ಗಂಡ ಹೆಂಡತಿ ಮಗುವನ್ನು ಸಮಾಧಿಯ ಮುಂದೆ ನಿಲ್ಲಿಸಿ ಕೈ ಮುಗಿಸುತ್ತಿದ್ದರು. ಗಂಡ ಕಾಯಿ ಒಡೆದ. ಒಡೆದದ್ದು ಮಾಮಾನ ಚಪ್ಪಟೆ ಕಲ್ಲಿನ ಮೇಲೆ.

ಅಲ್ಲಿಯ ಉಸ್ತುವಾರಿ ನೋಡುವ ಯಲ್ಲಾರಿ ಎಂಬ ಪರವೂರಿನ ನಡುವಯಸ್ಸಿನವನು ಓಡಿ ಬಂದ. "ಅಜ್ಜಾರ, ಚಪ್ಪಲಿ ಅಲ್ಲೇ ಬಿಡ್ರಿ. ದೊಡ್ಡ ಶರಣರ ಗದ್ದಿಗಿ ಇದು."

"ಯಾವ ಶರಣರು?" ಎಂದೆ ನಾನು.

"ಹೆಸರ ಯಾರಿಗೂ ಗೊತ್ತಿಲ್ರಿ ಅಕ್ಕಾರ. ಭಾಳ ಹಳೇದು. ನೀರ ತುಂಬಿದಾಗ ಇಡೀ ಊರ ಮುಳಗಿತು, ಇವರ ಗದ್ದಿಗಿ ಮುಳಗಲಿಲ್ಲಂತ. ಚಪ್ಪರ ದೊಡ್ಡದ ಮಾಡಾಕ ಇದನ್ನ ತಗೀಬೇಕಂತ ಮಾಲಕರು ಅಂದಿದ್ರು. ಗೌಂಡಿಗೋಳು ಮುಟ್ಟಾಕ ಒಲ್ಲೆ ಅಂದ್ರು. ನಾನೂ ಕೈ ಮುಗದ ಹೇಳಿದ್ನಿ, ಶರಣರನ್ನ ಎಬ್ಬಸಬ್ಯಾಡ್ರಿ ಅಂತ. ಅವ್ರೂ ದೇವರಂಥಾ ಮನಷ್ಯಾರು, ಬಿಟ್ರು. ಇದು ಯಾವುದರೆ ಮನಿ ಮಂದಿ ಸಮಾಧಿ ಆಗಿದ್ರ ಇಷ್ಟೊತ್ತಿಗೆ ದಡಕ್ಕ ಒಯ್ತಿದ್ರು. ಹೆಣದ ಬಾಜೂಕ ಕುಂತ ಮಂದಿ ಹೆಂಗ ಉಣ್ತಾರ್ರಿ?"

ನನ್ನ ಅಕ್ಕ ಶರಣೆ! ಅಯ್ನೋರ ಪ್ರವಚನಕ್ಕೆ ಕೂತರೆ ತೂಕಡಿಸುತ್ತಿದ್ದವಳು, ಮೊಸರಿಗೆ ನೀರು ಬೆರೆಸಿದ್ದನ್ನು ಯಾರಾದರೂ ಕಂಡುಹಿಡಿದರೆ ಅವರ ಏಳು ತಲೆಮಾರು ಜಾಲಾಡುತ್ತಿದ್ದವಳು. ಅವಳ ಹೆಸರು ಕಾಶೆವ್ವ, ಅವಳು ಈ ಮನುಷ್ಯನ ಹೆಂಡತಿ ಎಂದು ಹೇಳಲು ನಾನು ಬಾಯಿ ತೆರೆದೆ. ಮಾಮಾ ನನ್ನ ರಟ್ಟೆ ಹಿಡಿದ. ಎಂಬತ್ತಕ್ಕೆ ಹತ್ತಿರವಾದ ಆ ಕೈಯಲ್ಲಿ ಅಷ್ಟು ಬಲ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸ್ವಪ್ನಿಲ್ ಬಂದ. ಸೌಮ್ಯ ಹುಡುಗ, ಮಾಮಾನ ಕಾಲು ಮುಟ್ಟಿ ನಮಸ್ಕಾರ ಮಾಡಿದ. "ಮೊದಲ ನೀವ ಇಲ್ಲಿ ಇದ್ರಂತಲ್ರಿ ಅಜ್ಜಾರ. ನಮ್ಮನ್ನ ಬಂದವರೆಲ್ಲಾ ಕೇಳ್ತಾರ, ಈ ಗದ್ದಿಗಿ ಯಾರದು ಅಂತ. ನಿಮಗೇನರೆ ಗೊತ್ತೈತೇನ್ರಿ?"

ಮಾಮಾ ಸಮಾಧಿಯ ಕಡೆ ನೋಡಿದ. ದೀಪ ನೋಡಿದ, ಕಾಯಿಯ ನೀರಿನಿಂದ ಒದ್ದೆಯಾದ ತನ್ನ ಕಲ್ಲು ನೋಡಿದ. ನಿಜ ಹೇಳಿದರೆ ಜಾಗ ಕೇಳಬಹುದಿತ್ತು. ಆ ಹುಡುಗ ಕೊಡುತ್ತಿದ್ದನೋ ಏನೋ, ಅಥವಾ ಗೆಳೆಯರನ್ನು ಕೇಳಿ ಹೇಳುತ್ತೇನೆ ಎನ್ನುತ್ತಿದ್ದನೋ. ಆದರೆ ಇದು ಒಬ್ಬ ಮುದುಕನ ಹೆಂಡತಿಯ ಸಮಾಧಿ ಎಂದು ಒಮ್ಮೆ ಗೊತ್ತಾದರೆ ಆಮೇಲೆ ಗೌಂಡಿಗಳಿಗೆ ಯಾವ ಭಯವೂ ಇರುತ್ತಿರಲಿಲ್ಲ.

"ಹೌದ್ರಿ, ನಮ್ಮ ಕಾಲದಾಗೂ ಇತ್ತು" ಎಂದ ಮಾಮಾ. "ಭಾಳ ದೊಡ್ಡವರಂತ. ಯಾರಂತ ನನಗೂ ಗೊತ್ತಿಲ್ಲ."

"ನನ್ನ ಕೂಡ ಏನೋ ಮಾತಾಡೂದಿತ್ತಂತ?"

"ಏನಿಲ್ಲ, ಸುಮ್ಮನ ನೋಡಿ ಹೋಗಾಕ ಬಂದ್ನಿ. ದೀಪಾ ಹಚ್ಚೂದ ಬಿಡಬ್ಯಾಡ್ರಿ, ಅಷ್ಟ."

"ಬಿಡೂದಿಲ್ರಿ" ಎಂದ ಸ್ವಪ್ನಿಲ್. ಅವನು ಸುಳ್ಳು ಹೇಳುವವನಂತೆ ಕಾಣಲಿಲ್ಲ.

ವಾಪಸು ಬರುವ ದೋಣಿಯಲ್ಲಿ ನಾನು ತಡೆಯಲಾರದೆ ಅತ್ತೆ, ಅಳುತ್ತಲೇ ಬೈದೆ. ನಿನ್ನ ಹೆಂಡತಿಯನ್ನು ಯಾರೆಂದು ಗೊತ್ತಿಲ್ಲ ಎಂದೆಯಲ್ಲ, ಅದಕ್ಕೇನು ಇಷ್ಟು ದೂರ ಬಂದೆಯಾ ಎಂದೆ. ಅವನು ಜಾಕೀಟಿನ ಗುಂಡಿ ಬಿಚ್ಚಲು ಬಾರದೆ ಒದ್ದಾಡುತ್ತಿದ್ದ.

"ಆವತ್ತ ತಿಳೀದ ಕೊಟ್ನಿ ರಾಜವ್ವಾ. ಇವತ್ತ ತಿಳದ ಕೊಟ್ಟೇನಿ" ಎಂದ. ಜಾಕೀಟು ಬಿಚ್ಚುವುದನ್ನು ಅಲ್ಲಿಗೇ ಬಿಟ್ಟು, "ಆಕಿನ್ನ ಎಬ್ಬಸೂದ ಬ್ಯಾಡ. ನಾ ಎಲ್ಲಿ ಕುಂತ್ರೇನ ನಡೀತೈತಿ" ಎಂದ. ನಡೆಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಮೇಲೆ ಅವನು ದಿನ್ನೆಗೆ ಹೋಗಲಿಲ್ಲ. ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದ, ಗಿರಾಕಿಗಳ ಜೊತೆ ತಂಟೆ ತೆಗೆಯುವುದನ್ನು ಬಿಟ್ಟಿದ್ದ. ಮೋಟಾರು ಸುಟ್ಟವರು ತಾವಾಗಿ ತಮ್ಮದೇ ತಪ್ಪು ಎಂದರೂ, ಇರಲಿ ಬಿಡ್ರಿ ಎನ್ನುತ್ತಿದ್ದನಂತೆ. ಕಳೆದ ಶ್ರಾವಣದಲ್ಲಿ ನಾನು ನೋಡಲು ಹೋದಾಗ ಹಾಸಿಗೆ ಹಿಡಿದಿದ್ದ. ನನ್ನನ್ನು ಹತ್ತಿರ ಕರೆದು, "ಮೂಡಲಗ್ಯಾಗ ಮಣ್ಣ ಕೊಡ್ರಿ, ಅಡ್ಡಿ ಇಲ್ಲ. ಮಾರಿ ಮಾತ್ರ ಪಡುವಣಕ್ಕ ಮಾಡಿ ಕೂಡಿಸ್ರಿ" ಎಂದ.

ಮೂಡಲಗಿಯಿಂದ ಹಿಡಕಲ್ ಪಡುವಣಕ್ಕಿದೆ. ನಮ್ಮಲ್ಲಿ ಮುಖ ಮೂಡಣಕ್ಕೋ ಬಡಗಣಕ್ಕೋ ಇರುವ ಹಾಗೆ ಕೂಡಿಸುತ್ತಾರೆ, ಪಡುವಣಕ್ಕೆ ಯಾರೂ ಕೂಡಿಸುವುದಿಲ್ಲ. ಅಯ್ನೋರು ಒಪ್ಪಲಿಕ್ಕಿಲ್ಲ ಎಂದೆ. ಏನಾದರೂ ಹೇಳು, ನೀ ಸಾಲಿ ಕಲಿಸಿದಾಕಿ ಎಂದ. ಎಂಟು ದಿನಕ್ಕೆ ಹೋದ.

ಮೂಡಲಗಿಯ ರುದ್ರಭೂಮಿಯಲ್ಲಿ ಅಪ್ಪನನ್ನು ಕೂಡಿಸುವ ಗೂಡನ್ನು ಗುಂಡಿಯ ಮೂಡಣ ಗೋಡೆಯಲ್ಲಿ ತೆಗೆಯಿರಿ ಎಂದು ಗುರುಪಾದ ಹೇಳಿದಾಗ ಅಲ್ಲಿಯ ಅಯ್ನೋರು ತಡೆದರು.

"ಮಾರಿ ಪಡುವಣಕ್ಕ ಬರ್ತೈತಲ್ಲೋ ತಮ್ಮಾ. ಹಂಗ ಮಾಡೂ ಪದ್ಧತಿ ಇಲ್ಲ. ಏನ ಕಾರಣಾ?"

ಗುರುಪಾದ ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು. ಆ ಹೊತ್ತಿನಲ್ಲಿ ನನಗೆ ನಿಜ ಕೂಗಿ ಹೇಳಿಬಿಡಬೇಕು ಎನಿಸಿತು. ಆದರೆ ಮೂಡಲಗಿಯಲ್ಲಿ ಹೇಳಿದ ಮಾತು ಹುಕ್ಕೇರಿ ದಾಟಿ ದಿನ್ನೆ ಮುಟ್ಟಲು ಎಷ್ಟು ಹೊತ್ತು ಬೇಕು?

"ಆ ಕಡೆ ನೀರಾಗ ಒಬ್ಬ ದೊಡ್ಡ ಶರಣರ ಗದ್ದಿಗಿ ಐತ್ರಿ ಅಯ್ನೋರ" ಎಂದೆ. "ಮಾಮಾ ಅವರ ಮ್ಯಾಲ ಭಾಳ ಜೀವಾ ಇಟ್ಟಿದ್ದ."

"ಹಂಗಾರ ತಪ್ಪಿಲ್ಲ, ಕೂಡಿಸ್ರಿ" ಎಂದು ಅಯ್ನೋರು ಪಡುವಣಕ್ಕೆ ತಿರುಗಿ ಕೈ ಮುಗಿದರು. ಅವರನ್ನು ನೋಡಿ ಮಂದಿಯೆಲ್ಲ ಮುಗಿದರು. ಎಲ್ಲರ ಹಿಂದೆ ನಿಂತು ಗುರುಪಾದ ತನ್ನ ಅವ್ವನಿಗೆ ಕೈ ಮುಗಿದ.